ಹದಿನಾಲ್ಕು ಗಂಟಿನ ಹಗ್ಗ

ಎಲೆ ಮಿಸ್‌ ಅವರ ಉಗುರು ಸ್ವಚ್ಛವಾಗಿದ್ದ ದಿನವನ್ನು ನಾನಂತೂ ನೋಡಿಲ್ಲ. ಹದಿನೇಳು ವರ್ಷ ಅವರ ಜೊತೆ ಒಂದೇ ಕೋಣೆಯಲ್ಲಿ ದುಡಿದವಳು ನಾನು, ನನ್ನ ಮಾತನ್ನು ನಂಬಬಹುದು. ಸೋಮವಾರ ಜೇಡಿಮಣ್ಣು, ಮಂಗಳವಾರ ಬೀಟ್‌ರೂಟ್ ಹಿಂಡಿದ ಬಣ್ಣ, ಬುಧವಾರ ಗೋಂದು, ಮಿಕ್ಕ ದಿನಗಳಲ್ಲಿ ಈ ಮೂರೂ ಒಟ್ಟಿಗೆ. ಬೇರೆ ಮಿಸ್‌ಗಳ ಕೈಚೀಲದಲ್ಲಿ ಬಾಚಣಿಗೆ, ಫೋನು, ಕನ್ನಡಿ ಇರುತ್ತಿದ್ದರೆ ಇವರ ಚೀಲದಲ್ಲಿ ಒಣಗಿದ ಕಾಯಿ, ಕಾಗೆಯ ಪುಕ್ಕ, ಒಮ್ಮೆಯಂತೂ ಅರ್ಧ ಇಟ್ಟಿಗೆ. ಇದ್ಯಾಕೆ ಮಿಸ್ ಎಂದು ಕೇಳಿದರೆ, "ಬಣ್ಣ ಎಷ್ಟು ಚೆನ್ನಾಗಿದೆ ನೋಡಿ ಆಯಮ್ಮ, ಕುಟ್ಟಿ ಪುಡಿ ಮಾಡೋಣ" ಎಂದರು. ಕುಟ್ಟಿದವಳು ಯಾರೆಂದು ಬೇರೆ ಹೇಳಬೇಕಿಲ್ಲ.

ನಾನು ಆ ತರಗತಿಯ ಆಯಾ. ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಕುಂಚ ತೊಳೆಯುವುದು, ನೆಲ ಒರೆಸುವುದು ನನ್ನ ಕೆಲಸ. ಅವರು ಹರಡುವವರು, ನಾನು ಒರೆಸಿ ಎತ್ತಿಡುವವಳು. ಮೊದಲ ವರ್ಷ ಅವರ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಮೂರು ನಾಲ್ಕು ವರ್ಷದ ಮಕ್ಕಳಿಗೆ ಅಕ್ಷರ ಕಲಿಸುವುದು ಬಿಟ್ಟು ಎಲೆಗೆ ಬಣ್ಣ ಬಳಿದು ಕಾಗದಕ್ಕೆ ಒತ್ತಿಸುವ ಇವರಿಗೆ ಸಂಬಳ ಬೇರೆ ಕೊಡುತ್ತಾರಲ್ಲ ಎಂದು ಮನೆಗೆ ಹೋಗಿ ಅಕ್ಕನ ಮುಂದೆ ಮೂಗು ಮುರಿಯುತ್ತಿದ್ದೆ. ಎರಡನೇ ವರ್ಷದ ಹೊತ್ತಿಗೆ ದಾರಿಯಲ್ಲಿ ಬಿದ್ದ ಒಳ್ಳೆಯ ಎಲೆ ಕಂಡರೆ ನಾನೇ ಬಗ್ಗಿ ಎತ್ತಿಕೊಳ್ಳತೊಡಗಿದ್ದೆ. ಈ ವಿಷಯ ಅಕ್ಕನಿಗೆ ಹೇಳಲಿಲ್ಲ.

ಅವರ ಮನೆಗೆ ಒಂದೆರಡು ಸಲ ಹೋಗಿದ್ದೇನೆ. ಎರಡು ಕೋಣೆ, ಒಂದು ಅಡುಗೆಮನೆ. ಅತ್ತೆಗೆ ಎಂಬತ್ತು ದಾಟಿತ್ತು. ಆ ಅಜ್ಜಿಯ ಹಾಸಿಗೆಯ ಕೆಳಗೆ ಹಳೆಯ ಪತ್ರಿಕೆ, ಪತ್ರಿಕೆಯ ನಡುವೆ ಸಾಲಾಗಿ ಎಲೆಗಳು. ಒತ್ತಿ ಒಣಗಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲವಂತೆ. "ನೋಡಮ್ಮಾ, ನನ್ನ ಸೊಸೆ ನನ್ನನ್ನ ಭಾರ ಇಡೋ ಕಲ್ಲು ಮಾಡ್ಕೊಂಡಿದಾಳೆ" ಎಂದು ಅಜ್ಜಿ ನನ್ನೆದುರು ದೂರಿದರು. ಆದರೆ ಮಗ್ಗುಲು ಬದಲಿಸುವಾಗ ಎಲೆ ಮುರಿಯದ ಹಾಗೆ ನಿಧಾನವಾಗಿ ಹೊರಳುತ್ತಾರೆ ಎಂದು ಮಿಸ್ ಆಮೇಲೆ ಗುಟ್ಟಾಗಿ ಹೇಳಿದರು. ಗಂಡ ಲಾರಿಗಳಿಗೆ ಟಾರ್ಪಾಲು ಕಟ್ಟುವ ಕೆಲಸದವರು. ಮಾತು ಕಡಿಮೆ, ಗಂಟು ಹಾಕುವುದರಲ್ಲಿ ಎತ್ತಿದ ಕೈ. ನಾನು ಹೇಳಹೊರಟಿರುವ ಹಗ್ಗವನ್ನು ಮಾಡಿಕೊಟ್ಟವರು ಅವರೇ.

ಹಗ್ಗದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ತರಗತಿಯಲ್ಲಿ ಹದಿನಾಲ್ಕು ಮಕ್ಕಳು. ತಿಂಗಳಿಗೆ ಎರಡು ಸಲ ಅವರನ್ನು ಶಾಲೆಯಿಂದ ಎರಡು ಬೀದಿ ಆಚೆಯ ಉದ್ಯಾನಕ್ಕೆ ಕರೆದುಕೊಂಡು ಹೋಗುತ್ತಿದ್ದೆವು. ಉದ್ದನೆಯ ಹತ್ತಿಯ ಹಗ್ಗ, ಅದರಲ್ಲಿ ಎರಡೆರಡು ಅಡಿಗೆ ಒಂದರಂತೆ ಹದಿನಾಲ್ಕು ದಪ್ಪ ಗಂಟು, ಪ್ರತಿ ಗಂಟಿಗೂ ಒಂದೊಂದು ಬಣ್ಣದ ಬಟ್ಟೆ ಸುತ್ತಿತ್ತು. ಮುಂದಿನ ತುದಿ ಮಿಸ್ ಕೈಯಲ್ಲಿ, ಹಿಂದಿನ ತುದಿ ನನ್ನ ಕೈಯಲ್ಲಿ. ನಡುವೆ ಒಂದೊಂದು ಮಗು ಒಂದೊಂದು ಗಂಟನ್ನು ಒಂದು ಕೈಯಲ್ಲಿ ಹಿಡಿದು ನಡೆಯಬೇಕು. ಹೊರಡುವಾಗ ಒಮ್ಮೆ, ಮರಳುವಾಗ ಒಮ್ಮೆ ನಾನು ಹಿಂದಿನಿಂದ ಎಣಿಸಿ ಕೂಗಿ ಹೇಳಬೇಕು. ತಲೆ ಎಣಿಸುವಂತಿಲ್ಲ, ಕೈ ಎಣಿಸಬೇಕು. ಅದು ಮಿಸ್ ಮಾಡಿದ ನಿಯಮ. "ತಲೆ ಆ ಕಡೆ ಈ ಕಡೆ ಓಡಾಡ್ತಿರುತ್ತೆ ಆಯಮ್ಮ, ಒಂದೇ ತಲೇನ ಎರಡು ಸಲ ಎಣಿಸಿಬಿಡ್ತೀವಿ. ಕೈ ಆದ್ರೆ ಗಂಟಿನ ಮೇಲೇ ಇರುತ್ತೆ" ಎನ್ನುತ್ತಿದ್ದರು. ಹಗ್ಗ ಬಂದ ಒಂಬತ್ತು ವರ್ಷದಲ್ಲಿ ಆ ನಿಯಮ ಒಮ್ಮೆಯೂ ತಪ್ಪಿರಲಿಲ್ಲ.

ಮಕ್ಕಳಿಗೆ ಓದು ಬಾರದು ತಾನೇ? ಹಾಗಾಗಿ ಚೀಲ ನೇತುಹಾಕುವ ಮೊಳೆಗಳ ಮೇಲೆ ಹೆಸರಿನ ಬದಲು ಒಂದೊಂದು ಚಿತ್ರ ಅಂಟಿಸಿದ್ದರು. ವರ್ಷದ ಮೊದಲ ದಿನ ಡಬ್ಬಿಯೊಳಗೆ ಕೈ ಹಾಕಿ ಯಾರಿಗೆ ಏನು ಬರುತ್ತದೋ ಅದೇ ಅವರ ಗುರುತು. ಕಾಗದದ ಮೇಲೂ ಲೋಟದ ಮೇಲೂ ಅದೇ. ವಾರ ಕಳೆಯುವಷ್ಟರಲ್ಲಿ ಅದೇ ಅವರ ಹೆಸರೂ ಆಗಿಬಿಡುತ್ತಿತ್ತು. ಆ ವರ್ಷ ಬುಗುರಿಯ ಚಿತ್ರ ಬಂದದ್ದು ಒಂದು ಕಡೆ ನಿಲ್ಲದ ಹುಡುಗಿಗೆ. ಆಮೆ ಬಂದದ್ದು ಒಂದು ಮಾತು ಆಡಲು ಎರಡು ನಿಮಿಷ ತೆಗೆದುಕೊಳ್ಳುವ ಹುಡುಗಿಗೆ. ಚಿತ್ರ ನೋಡಿ ಮಕ್ಕಳು ಹಾಗಾದರೋ, ಮಕ್ಕಳನ್ನು ನೋಡಿ ಚಿತ್ರ ಬಂತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವರಿಬ್ಬರೂ ಜೀವದ ಗೆಳತಿಯರು. ಬುಗುರಿ ಮಾತಾಡುತ್ತಾಳೆ, ಆಮೆ ತಲೆಯಾಡಿಸುತ್ತಾಳೆ.

ಇನ್ನೊಂದು ಪದ್ಧತಿ ಇತ್ತು. ನನಗೆ ಎಂದೂ ಸರಿಬೀಳದ ಪದ್ಧತಿ ಅದು. ಮರದ ತೊಗಟೆಯ ಮೇಲೆ ಕಾಗದ ಇಟ್ಟು, ಮೇಲಿನಿಂದ ಬಣ್ಣದ ಮೇಣದ ಕಡ್ಡಿಯನ್ನು ಅಡ್ಡಡ್ಡ ತಿಕ್ಕಿದರೆ ತೊಗಟೆಯ ಗೆರೆಗಳೆಲ್ಲ ಕಾಗದದಲ್ಲಿ ಮೂಡುತ್ತವೆ. ಮಕ್ಕಳಿಗೆ ಅದೆಂದರೆ ಪ್ರಾಣ. ತಿಕ್ಕಿ ಮುಗಿದ ಮೇಲೆ ಆ ಮರವನ್ನು ತಟ್ಟಿ "ಟಾಟಾ, ಬರ್ತೀನಿ" ಎಂದು ಹೇಳಿಯೇ ಹೊರಡಬೇಕು. ಮರದಿಂದ ಒಂದು ವಸ್ತು ಪಡೆದಮೇಲೆ ಹೇಳದೆ ಹೋಗುವುದು ತಪ್ಪು ಎಂದು ಮಿಸ್ ಕಲಿಸಿದ್ದರು. ಹದಿನಾಲ್ಕು ಮಕ್ಕಳು ಮರಗಳಿಗೆ ಟಾಟಾ ಹೇಳಿ ಮುಗಿಸುವಷ್ಟರಲ್ಲಿ ಬಿಸಿಲು ನೆತ್ತಿಗೇರುತ್ತಿತ್ತು. "ಮಿಸ್, ಮರ ಏನು ಬಸ್ ಹತ್ತಿ ಹೋಗುತ್ತಾ?" ಎಂದು ನಾನು ಗೊಣಗಿದರೆ ನಗುತ್ತಿದ್ದರು. "ಅದು ಎಲ್ಲಿಗೂ ಹೋಗಲ್ಲ ಅಂತಾನೇ ಅಲ್ವಾ ಹೇಳೋದು?" ಎನ್ನುತ್ತಿದ್ದರು. ದಾರಿ ತಪ್ಪಿದರೆ ಏನು ಮಾಡಬೇಕೆಂದು ಕಲಿಸಿದ್ದೂ ಮರದ ಲೆಕ್ಕದಲ್ಲೇ: ನಾನು ಕಾಣದಿದ್ದರೆ ಹುಡುಕಬೇಡ, ಹತ್ತಿರದ ಮರವನ್ನು ತಬ್ಬಿ ನಿಂತುಕೋ, ನಾನೇ ಬರ್ತೀನಿ.

ಆ ವರ್ಷದ ಒಂದು ದಿನ, ಉದ್ಯಾನಕ್ಕೆ ಹೊರಡುವುದಕ್ಕೆ ಮೊದಲೇ ವಾತಾವರಣ ನೆಟ್ಟಗಿರಲಿಲ್ಲ. ಹೆಡ್ ಮಿಸ್ ನಮ್ಮನ್ನು ಕರೆಸಿದ್ದರು. ಬಂದು ಮೂರು ವರ್ಷವಾಗಿದ್ದ ಅವರು ಕೆಟ್ಟವರೇನಲ್ಲ, ಭಯಸ್ಥೆ. ನೂರಾರು ಮಕ್ಕಳ ಜವಾಬ್ದಾರಿ ತಲೆ ಮೇಲಿದ್ದರೆ ನಾನೂ ಹಾಗೇ ಆಗುತ್ತಿದ್ದೆನೇನೋ.

"ಉದ್ಯಾನದಲ್ಲಿ ಪೈಪ್ ಹಾಕೋಕೆ ಅಗೆದಿದಾರಂತೆ. ಈ ಸಲ ಬಿಟ್ಟುಬಿಡಿ" ಎಂದರು.

"ನಿನ್ನೆ ಸಂಜೆ ಹೋಗಿ ನೋಡ್ಕೊಂಡು ಬಂದೆ ಮೇಡಂ. ಗುಂಡಿ ಇರೋದು ನೀರಿನ ಟ್ಯಾಂಕಿನ ಹಿಂದೆ. ನಾವು ಈ ಕಡೆ ಸಾಲಲ್ಲೇ ಇರ್ತೀವಿ. ಸುಣ್ಣದಲ್ಲಿ ಗೆರೆ ಎಳೀತೀನಿ."

"ಒಂದು ಹೆಚ್ಚುಕಮ್ಮಿ ಆದ್ರೂ ಇದೇ ಕೊನೆ. ಆಮೇಲೆ ಈ ಗೇಟು ದಾಟೋ ಮಾತೇ ಇಲ್ಲ."

"ಸರಿ ಮೇಡಂ" ಎಂದರು ಎಲೆ ಮಿಸ್. ಹೊರಗೆ ಬಂದಾಗ ಅವರ ಕಿವಿ ಕೆಂಪಗಾಗಿತ್ತು.

ಟೈರ್ ಅಂಗಡಿ ದಾಟಿ, ಚಪ್ಪಲಿ ಹೊಲಿಯುವವನ ಮೂಲೆ ದಾಟಿ, ರಸ್ತೆಯಲ್ಲಿ ಕೈ ಅಡ್ಡ ಹಿಡಿದು ವಾಹನ ನಿಲ್ಲಿಸಿ, ಹತ್ತು ಗಂಟೆಗೆ ಉದ್ಯಾನ ಸೇರಿದೆವು. ಮಿಸ್ ಸುಣ್ಣದ ಪುಡಿಯಿಂದ ನೆಲದ ಮೇಲೆ ಉದ್ದಕ್ಕೆ ಗೆರೆ ಎಳೆದು, "ಇದರಾಚೆ ಸಮುದ್ರ. ಯಾರೂ ಇಳಿಯೋ ಹಾಗಿಲ್ಲ" ಎಂದರು. ಗೆರೆಯ ಈಚೆ ಏಳು ಮರಗಳ ಸಾಲು. ಮೊದಲು ಬಿದ್ದ ಎಲೆ ಆಯ್ದು, ಕಡ್ಡಿ ಚುಚ್ಚಿ ಒಂದಕ್ಕೊಂದು ಸೇರಿಸಿ, ಎಲ್ಲರಿಗೂ ಕಿರೀಟ ಆಯಿತು. ಆಮೇಲೆ ತೊಗಟೆಯ ಕೆಲಸ. ಅದು ನಡೆಯುವಾಗಲೇ ಒಬ್ಬನ ಕಾಲಿಗೆ ಕೆಂಪಿರುವೆ ಹತ್ತಿ, ಅವನು ಊರು ಒಂದಾಗುವ ಹಾಗೆ ಅರಚಿದ. ನಾನು ಅವನ ಕಾಲು ತೊಳೆದು, ಊದಿ, ಸಮಾಧಾನ ಮಾಡುತ್ತ ಕೂತೆ. ಗೆರೆ ಕಾಯುವುದು ನನ್ನ ಪಾಲಿನ ಕೆಲಸ. ಆ ಹತ್ತು ನಿಮಿಷ ನಾನು ಗೆರೆಯ ಕಡೆ ನೋಡಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ.

ಟಾಟಾ ಎಲ್ಲ ಮುಗಿದು ಹಗ್ಗ ಹಿಡಿದರು. ಇರುವೆ ಕಚ್ಚಿಸಿಕೊಂಡವನು ಕೊನೆಯ ಗಂಟು ಹಿಡಿದು ನನ್ನ ಸೊಂಟಕ್ಕೆ ಒರಗಿ ಬಿಕ್ಕುತ್ತಿದ್ದ. ನನ್ನ ಒಂದು ಕಂಕುಳಲ್ಲಿ ಕಾಗದಗಳ ಕಟ್ಟು, ಇನ್ನೊಂದು ಕೈಯಲ್ಲಿ ಹಗ್ಗದ ತುದಿ, ಹೆಗಲಲ್ಲಿ ನೀರಿನ ಕ್ಯಾನು. "ಆಯಮ್ಮ, ಎಷ್ಟು?" ಎಂದು ಮುಂದಿನಿಂದ ಕೂಗು ಬಂತು. ಮಕ್ಕಳ ಕಿರೀಟದ ಎಲೆಗಳೆಲ್ಲ ಕಣ್ಣಿಗೆ ಅಡ್ಡ. ಬಗ್ಗಿ ಗಂಟುಗಳನ್ನಷ್ಟೇ ನೋಡಿದೆ. ಎಲ್ಲದರ ಮೇಲೂ ಒಂದೊಂದು ಪುಟ್ಟ ಕೈ.

"ಹದಿನಾಲ್ಕು ಕೈ ಮಿಸ್!" ಎಂದು ಕೂಗಿದೆ. ಹೊರಟೆವು.

ಶಾಲೆ ಸೇರಿದಾಗ ಹನ್ನೊಂದೂ ಮುಕ್ಕಾಲು. ಹೊರಜಗಲಿಯಲ್ಲಿ ಹಗ್ಗ ಬಿಟ್ಟು ಮಕ್ಕಳು ಒಳಗೆ ನುಗ್ಗಿದರು. ಕೈ ತೊಳೆಸಿ, ನೀರು ಕುಡಿಸಿ, ಚಾಪೆಯ ಮೇಲೆ ಕೂರಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ನಾನು ಲೋಟ ಜೋಡಿಸುತ್ತಿದ್ದೆ. ಮೊಳೆಗಳ ಕೆಳಗಿನ ಹಲಗೆಯಲ್ಲಿ ಎರಡು ಲೋಟ ಯಾರೂ ಮುಟ್ಟದೆ ನಿಂತಿದ್ದವು. ಒಂದರ ಮೇಲೆ ಆಮೆ, ಒಂದರ ಮೇಲೆ ಬುಗುರಿ.

"ಮಿಸ್, ಇವರಿಬ್ಬರು ಎಲ್ಲಿ?"

ಮಿಸ್ ತಿರುಗಿ ಚಾಪೆ ನೋಡಿದರು. ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಹನ್ನೆರಡು. ಬಚ್ಚಲಿಗೆ ಓಡಿ ನೋಡಿದೆ, ಇಲ್ಲ. ಜಗಲಿಗೆ ಬಂದರೆ ಆಮೆ ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಹಗ್ಗ ನೆಲದ ಮೇಲೆ ಹಾವಿನಂತೆ ಬಿದ್ದಿತ್ತು. ಅದರ ನಡುವೆ ಎರಡು ಗಂಟು ಮಾತ್ರ ನೆಲದಿಂದ ಮೇಲಿದ್ದವು. ಅವಳ ಬಲಗೈಯಲ್ಲಿ ಹಳದಿ ಗಂಟು, ಎಡಗೈಯಲ್ಲಿ ನೀಲಿ ಗಂಟು.

ಹಳದಿ ಆಮೆಯದು. ನೀಲಿ ಬುಗುರಿಯದು.

ಮಿಸ್ ಅವಳ ಮುಂದೆ ಮಂಡಿಯೂರಿದರು. ಧ್ವನಿ ಏರಿಸಲಿಲ್ಲ. "ಕಂದಾ, ಬುಗುರಿ ಎಲ್ಲಿ?"

ಆಮೆ ಯೋಚಿಸಿದಳು. ನನಗೆ ಅವಳ ಬಾಯೊಳಗೆ ಕೈ ಹಾಕಿ ಮಾತು ಎಳೆದುಬಿಡೋಣ ಅನ್ನಿಸಿತು. ಮಿಸ್ ಕಾದರು. ಅವರ ಕುತ್ತಿಗೆಯ ನರ ಹೊಡೆದುಕೊಳ್ಳುವುದು ನನಗೆ ಕಾಣುತ್ತಿತ್ತು.

"ಹಿಡ್ಕೋ ಅಂದ್ಳು" ಎಂದಳು ಆಮೆ.

"ಹಿಡ್ಕೋ ಅಂದು?"

"ಟಾಟಾ ಹೇಳಿಲ್ಲ ಅಂದ್ಳು. ಹೇಳಿ ಬರ್ತೀನಿ ಅಂದ್ಳು."

"ಯಾವ ಮರಕ್ಕೆ ಕಂದಾ?"

"ಅವಳ ಮರಕ್ಕೆ."

ಎರಡು ಬೀದಿ ಆಚೆ, ನಾಲ್ಕು ವರ್ಷದ ಮಗು, ಒಂದು ಗಂಟೆಯಾಗುತ್ತಾ ಬಂದಿದೆ. ಮಗು ಉದ್ಯಾನದಲ್ಲೇ ಇದೆಯೋ, ನಮ್ಮನ್ನು ಹುಡುಕುತ್ತ ರಸ್ತೆಗೆ ಬಂದಿದೆಯೋ, ಯಾರಾದರೂ ಕೈ ಹಿಡಿದು ಕರೆದೊಯ್ದರೋ. ಹನ್ನೆರಡೂವರೆಗೆ ತಾಯಂದಿರು ಗೇಟಿನಲ್ಲಿರುತ್ತಾರೆ. ನಾನು ಆಗಲೇ ಅಳುತ್ತಿದ್ದೆ. "ಮಿಸ್, ನಾನೇ ಎಣಿಸಿದ್ದು, ಹದಿನಾಲ್ಕು ಅಂದವಳು ನಾನೇ" ಎಂದೆ.

"ಆಮೇಲೆ ಆಯಮ್ಮ. ಕಾಗದ ಎಲ್ಲಿ?"

ನನಗೆ ಅರ್ಥವಾಗಲಿಲ್ಲ. ಈ ಹೊತ್ತಿನಲ್ಲಿ ಕಾಗದ ಏಕೆ? ಅವರೇ ಒಳಗೆ ಹೋಗಿ ಕಟ್ಟನ್ನು ಬಿಚ್ಚಿ, ಜಗಲಿಯ ನೆಲದ ಮೇಲೆ ತೊಗಟೆಯ ಚಿತ್ರಗಳನ್ನು ಒಂದೊಂದಾಗಿ ಹಾಸಿದರು. ಏಳೂ ಮರಗಳ ತೊಗಟೆ ಒಂದೇ ಜಾತಿಯದು, ಒಣಗಿ ಬಿರಿದ ಕೆರೆಯಂಗಳದ ಹಾಗೆ ಚೌಕ ಚೌಕ. ಮೀನಿನ ಕಾಗದದಲ್ಲಿ ಚೌಕ, ಏಣಿಯ ಕಾಗದದಲ್ಲಿ ಚೌಕ, ಆಮೆಯ ಕಾಗದದಲ್ಲೂ ಚೌಕ. ಮೂಲೆಯಲ್ಲಿ ಬುಗುರಿಯ ಗುರುತು ಇದ್ದ ಕಾಗದ ಹನ್ನೊಂದನೆಯದು. ಅದರಲ್ಲಿ ಚೌಕ ಇರಲಿಲ್ಲ. ಮೇಲಿನಿಂದ ಕೆಳಗೆ ಉದ್ದುದ್ದ ಗೆರೆ. ನಡುವೆ ಅಡ್ಡಲಾಗಿ ಇನ್ನೊಂದು ಗುರುತು, ಹುರಿ ಹಾಕಿದ ಹಾಗೆ.

ಮಿಸ್ ಆ ಅಡ್ಡ ಗುರುತಿನ ಮೇಲೆ ಬೆರಳು ಇಟ್ಟರು.

"ತಂತಿ" ಎಂದರು. "ಗುಂಡಿ ಸುತ್ತ ತಂತಿ ಕಟ್ಟಿದಾರೆ. ನಿನ್ನೆ ನೋಡಿದೀನಿ. ಒಂದು ತುದಿ ಕಂಬಕ್ಕೆ, ಒಂದು ತುದಿ ಮರಕ್ಕೆ."

"ಗುಂಡಿಯಲ್ಲಿ..." ಎಂದೆ.

"ನೀರಿದೆ."

ಹೆಡ್ ಮಿಸ್ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿಂದ ನಿಂತಿದ್ದರೋ ತಿಳಿಯದು. ಬೈಯುತ್ತಾರೆ ಎಂದುಕೊಂಡೆ. "ನೀವಿಬ್ರೂ ಓಡಿ. ಮಕ್ಕಳ ಹತ್ರ ನಾನಿರ್ತೀನಿ. ಪೊಲೀಸ್‌ಗೆ ಫೋನ್ ಮಾಡ್ತೀನಿ" ಎಂದರು.

ಎಲೆ ಮಿಸ್‌ಗೆ ಆಗ ಐವತ್ತೆರಡು. ಮಂಡಿ ನೋವು ಎಂದು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವವರು. ಆ ದಿನ ಓಡಿದ ಓಟಕ್ಕೆ ನಾನು ಹಿಂದೆ ಬಿದ್ದೆ. ಚಪ್ಪಲಿ ಹೊಲಿಯುವವನು ತಲೆಯೆತ್ತಿ ನೋಡಿದ. ರಸ್ತೆಯಲ್ಲಿ ಅವರು ಕೈ ಅಡ್ಡ ಹಿಡಿಯಲೂ ಇಲ್ಲ, ನೇರ ನುಗ್ಗಿದರು. ಒಂದು ವ್ಯಾನು ಕೀರಲು ಶಬ್ದ ಮಾಡಿ ನಿಂತು, ಚಾಲಕ ಬಾಯಿಗೆ ಬಂದದ್ದು ಬೈದ. ನಾನು ಅವನಿಗೆ ಕೈ ಮುಗಿಯುತ್ತ ಓಡಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಮಾತು: ಹದಿನಾಲ್ಕು ಕೈ ಮಿಸ್, ಹದಿನಾಲ್ಕು ಕೈ ಮಿಸ್. ನನ್ನದೇ ಧ್ವನಿ ನನಗೆ ಅಸಹ್ಯ ಹುಟ್ಟಿಸುತ್ತಿತ್ತು.

ಸುಣ್ಣದ ಗೆರೆ ಹಾಗೇ ಇತ್ತು. ಅದನ್ನು ದಾಟಿ, ಟ್ಯಾಂಕಿನ ಗೋಡೆ ಸುತ್ತಿ ಹಿಂದಕ್ಕೆ ಬಂದೆವು. ಅಗೆದ ಮಣ್ಣಿನ ದಿಬ್ಬ, ದಿಬ್ಬದ ಕೆಳಗೆ ಗುಂಡಿ, ಗುಂಡಿಯಲ್ಲಿ ಕೆಂಪು ನೀರು. ಪೈಪು ಒಡೆದು ತುಂಬಿಕೊಂಡ ನೀರು. ಕೆಲಸದವರು ಯಾರೂ ಇರಲಿಲ್ಲ. ಸುತ್ತ ಮೊಣಕಾಲೆತ್ತರದಲ್ಲಿ ಒಂದೇ ಒಂದು ಎಳೆ ತಂತಿ. ನಾಲ್ಕು ವರ್ಷದ ಮಗುವಿಗೆ ಅದರ ಕೆಳಗೆ ನುಸುಳುವುದು ಎಷ್ಟರ ಮಾತು?

ನೀರಿನ ನಡುವೆ ಎಲೆಯ ಕಿರೀಟ ತೇಲುತ್ತಿತ್ತು.

ನಾನು ಅಲ್ಲೇ ಕುಸಿದೆ. ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಎಲೆ ಮಿಸ್ ತಂತಿ ದಾಟಿ, ಕೂತು ಜಾರಿ, ಗುಂಡಿಗೆ ಇಳಿದುಬಿಟ್ಟರು. ನೀರು ಅವರ ಎದೆಯವರೆಗೆ ಬಂತು. ಈಜು ಬಾರದವರು. ಎರಡೂ ಕೈ ಕೆಳಗೆ ಬಿಟ್ಟು ಕೆಸರನ್ನು ತಡಕುತ್ತಿದ್ದರು. ಮಣ್ಣು, ಗೋಂದು, ಬಣ್ಣ ಎಂದು ಅಷ್ಟು ವರ್ಷ ನಾನು ಬೈದುಕೊಂಡ ಕೈಗಳವು. ಒಮ್ಮೆ ಏನೋ ಸಿಕ್ಕಿದ ಹಾಗೆ ನಿಂತರು. ಮೇಲೆತ್ತಿದರು. ಸಿಮೆಂಟಿನ ಖಾಲಿ ಚೀಲ. ಎಸೆದು ಮತ್ತೆ ಬಗ್ಗಿದರು, ಗದ್ದದವರೆಗೂ ನೀರು.

"ಮಿಸ್, ಆ ಕಿರೀಟ ನಂದು" ಎಂದು ಒಂದು ದನಿ ಬಂತು.

ಮರದ ಆಚೆ ಬದಿಯಿಂದ ಬಂದ ದನಿ. ಆ ಮರದ ಬುಡ ಇಬ್ಬರು ತಬ್ಬಿದರೂ ಸಿಗದಷ್ಟು ದಪ್ಪ. ನಾನು ತೆವಳಿಕೊಂಡೇ ಸುತ್ತ ಹೋದೆ. ಬುಗುರಿ ಮರವನ್ನು ಎರಡೂ ಕೈಯಲ್ಲಿ ತಬ್ಬಿ, ಕೆನ್ನೆಯನ್ನು ತೊಗಟೆಗೆ ಒತ್ತಿ ನಿಂತಿದ್ದಳು. ಕೆನ್ನೆಯಲ್ಲಿ ಉದ್ದುದ್ದ ಗೆರೆ ಅಚ್ಚಾಗಿತ್ತು. ಕಣ್ಣೀರು ಒಣಗಿ ಕಲೆಯಾಗಿತ್ತು. ಅವಳ ಕಾಲಿನಿಂದ ಗುಂಡಿಯ ಅಂಚಿಗೆ ಒಂದೂವರೆ ಮಾರು ಇದ್ದೀತು.

"ಕಿರೀಟ ಹಾರಿಹೋಯ್ತು" ಎಂದಳು, ದೂರು ಹೇಳುವ ಹಾಗೆ. "ತಗೊಳೋಕೆ ಹೋಗ್ಲಿಲ್ಲ. ಮರ ಬಿಡಬಾರ್ದು ಅಂತ ಹೇಳಿದೀರಲ್ಲ."

ನಾನು ಅವಳನ್ನು ಎತ್ತಿಕೊಳ್ಳಲು ಹೋದರೆ ಅವಳು ಮರ ಬಿಡಲೊಲ್ಲಳು. "ಮಿಸ್ ಬರ್ಬೇಕು" ಎಂದಳು. ಮಿಸ್ ಗುಂಡಿಯಿಂದ ಹತ್ತಲು ಎರಡು ಸಲ ಜಾರಿದರು, ಮೂರನೆಯ ಸಲ ನಾನು ಕೈ ಕೊಟ್ಟು ಎಳೆದೆ. ಕೆಸರು ಮೆತ್ತಿಕೊಂಡ ಆ ಮೈಯನ್ನು ನೋಡಿ ಬುಗುರಿ ಒಂದು ಕ್ಷಣ ಹಿಂಜರಿದಳು. ಆಮೇಲೆ ಮರ ಬಿಟ್ಟು ಅವರ ಕುತ್ತಿಗೆಗೆ ಬಿದ್ದಳು. ಅಷ್ಟು ಬಿಸಿಲಿನಲ್ಲಿ ಅವರು ನಡುಗುತ್ತಿದ್ದರು. ಹೊರಡುವಾಗ ಬುಗುರಿ ಅವರ ಹೆಗಲ ಮೇಲಿನಿಂದ ಕೈಚಾಚಿ ಮರವನ್ನು ತಟ್ಟಿ ಟಾಟಾ ಎಂದಳು. ಆಗಲೇ ಹೇಳಿಯಾಗಿತ್ತಲ್ಲ ಎಂದು ನಾನು ಅನ್ನಲಿಲ್ಲ.

ಮುಂದೇನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಗೇಟಿನಲ್ಲಿ ಬುಗುರಿಯ ತಾಯಿಗೆ ಮಿಸ್ ತಾವೇ ಎಲ್ಲವನ್ನೂ ಹೇಳಿದರು, ಗುಂಡಿಯನ್ನೂ ಬಿಡದೆ. ಆ ತಾಯಿ ಮಗುವನ್ನು ಅವಚಿಕೊಂಡು ಹೊರಟುಹೋದಳು. ಎಂಟು ದಿನ ಮಗುವನ್ನು ಕಳಿಸಲಿಲ್ಲ, ಒಂಬತ್ತನೆಯ ದಿನ ಕಳಿಸಿದಳು. ನಾಲ್ಕು ತಿಂಗಳು ಉದ್ಯಾನದ ಕಡೆ ತಲೆ ಹಾಕಲಿಲ್ಲ. ಆಮೇಲೆ ಹೋದಾಗ ಮೂರನೆಯವರಾಗಿ ಹೆಡ್ ಮಿಸ್ ಜೊತೆಗೆ ಬಂದರು. ಟಾಟಾ ಹಗ್ಗ ಹಿಡಿದ ಮೇಲೆ, ಎಲ್ಲರೂ ಒಟ್ಟಿಗೆ ಹೇಳುವುದೆಂದಾಯಿತು. ಕೈಯನ್ನೂ ಎಣಿಸಿದೆವು, ತಲೆಯನ್ನೂ ಎಣಿಸಿದೆವು, ಅಷ್ಟಾದರೂ ನನಗೆ ಸಾಲದೆ ಮೂಗುಗಳನ್ನು ಬೇರೆ ಎಣಿಸಿದೆ.

ಆದರೆ ಆ ದಿನದಿಂದ ನನ್ನ ಮನಸ್ಸಿನಲ್ಲಿ ಉಳಿದದ್ದು ಗುಂಡಿಯಲ್ಲ. ಹನ್ನೆರಡು ಇಪ್ಪತ್ತಕ್ಕೆ ನಾವು ಮೂವರೂ ಶಾಲೆಗೆ ಮರಳಿದಾಗ ಜಗಲಿಯಲ್ಲಿ ಕಂಡ ನೋಟ.

ಆಮೆ ಇನ್ನೂ ಅಲ್ಲೇ ನಿಂತಿದ್ದಳು. ಬಲಗೈಯಲ್ಲಿ ಹಳದಿ, ಎಡಗೈಯಲ್ಲಿ ನೀಲಿ. ತೋಳು ಸೋತು ಕೆಳಗಿಳಿದಿದ್ದವು, ಬೆರಳು ಮಾತ್ರ ಬಿಗಿಯಾಗಿದ್ದವು. ಪಕ್ಕದಲ್ಲಿ ತಂದಿಟ್ಟ ಪುಟ್ಟ ಕುರ್ಚಿ ಖಾಲಿ ಇತ್ತು. ಹಗ್ಗದ ಮುಂದಿನ ತುದಿ ಹಿಡಿದು ನಿಂತವರು ಹೆಡ್ ಮಿಸ್. ತರಗತಿಯ ಬಾಗಿಲು ತೆರೆದಿಟ್ಟು, ಒಂದು ಕಣ್ಣು ಒಳಗಿನ ಮಕ್ಕಳ ಮೇಲೆ, ಒಂದು ಕಣ್ಣು ಇವಳ ಮೇಲೆ.

"ಬಿಡು ಅಂದ್ರೆ ಬಿಡ್ತಿಲ್ಲ" ಎಂದರು ಹೆಡ್ ಮಿಸ್. ಅವರ ಕಣ್ಣು ಕೆಂಪಗಿದ್ದವು. "ಮುಂದೆ ಯಾರಾದ್ರೂ ಹಿಡ್ಕೋಬೇಕು ಅಂದ್ಳು. ಅದಕ್ಕೆ ಹಿಡ್ಕೊಂಡೆ."

ಆಮೆಯ ಕಾಲಿನ ಸುತ್ತ ನೆಲ ಒದ್ದೆಯಾಗಿತ್ತು. ಕಾಲುಚೀಲವೂ ಒದ್ದೆ. ಹೋಗಬೇಕೆನಿಸಿದರೂ ಹೋಗಿರಲಿಲ್ಲ. ಆ ವರ್ಷದಲ್ಲಿ ಒಮ್ಮೆಯೂ ಬಟ್ಟೆ ಒದ್ದೆ ಮಾಡಿಕೊಳ್ಳದ ಮಗು ಅದು.

ಮಿಸ್ ಬುಗುರಿಯನ್ನು ಕೆಳಗಿಳಿಸಿದರು. ಬುಗುರಿ ನೆಟ್ಟಗೆ ನಡೆದು ಹೋಗಿ ನೀಲಿ ಗಂಟಿನ ಮೇಲೆ ಕೈ ಇಟ್ಟಳು. ಆಮೆ ಅವಳ ಮುಖ ನೋಡಿದಳು, ಕೈ ನೋಡಿದಳು, ಸರಿಯಾಗಿ ಹಿಡಿದಿದ್ದಾಳೆಂದು ಖಾತ್ರಿಯಾದ ಮೇಲೆ ಎಡಗೈ ಬಿಟ್ಟಳು. ಬೆರಳುಗಳು ಮಡಿಸಿದ್ದು ಮಡಿಸಿದಂತೇ ಇದ್ದವು, ಬಿಚ್ಚಲು ಬರಲಿಲ್ಲ. ಮಿಸ್ ಕೆಸರಿನ ಕೈಯಲ್ಲಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆಗ ಅವರಿಗೆ ಅಳು ಬಂತು. ಗುಂಡಿಯಲ್ಲಿ ಬಾರದ ಅಳು ಅಲ್ಲಿ, ಎಲ್ಲರ ಎದುರು, ತಡೆಯಲಾಗದೆ ಬಂತು. ನನಗೂ ಬಂತು.

ಅಷ್ಟರಲ್ಲಿ ಗೇಟು ತೆರೆದು ಆಮೆಯ ತಾಯಿ ಬಂದಳು. ಅವಳಿಗೆ ಏನೂ ಗೊತ್ತಿಲ್ಲ. ಕಣ್ಣಿಗೆ ಬಿದ್ದದ್ದು ಮಗಳ ಒದ್ದೆ ಬಟ್ಟೆ.

"ಅಯ್ಯೋ, ಏನೇ ಇದು! ಇಷ್ಟು ದೊಡ್ಡವಳಾಗಿ ನಾಚಿಕೆ ಆಗಲ್ವಾ ನಿಂಗೆ? ಮಿಸ್‌ಗೆ ಹೇಳಿ ಹೋಗೋಕೆ ಏನಾಗಿತ್ತು?" ಎಂದು ಕೈ ಎತ್ತಿಕೊಂಡೇ ಬಂದಳು.

ಎಲೆ ಮಿಸ್ ಎದ್ದು ನಡುವೆ ನಿಂತರು. ತಲೆಯಿಂದ ಕಾಲಿನವರೆಗೆ ಕೆಂಪು ಕೆಸರು, ಮುಖದ ತುಂಬ ಕಣ್ಣೀರು. ಆ ತಾಯಿ ಬೆಚ್ಚಿ ನಿಂತಳು.

"ಬೈಬೇಡಿ ಅಮ್ಮ" ಎಂದರು. "ಅವಳು ಕೆಲಸದ ಮೇಲಿದ್ಳು. ಇವತ್ತು ನಮ್ಮೆಲ್ಲರಲ್ಲಿ ತನ್ನ ಕೆಲಸ ಸರಿಯಾಗಿ ಮಾಡಿದವಳು ಅವಳೊಬ್ಬಳೇ."

ಹಗ್ಗದ ತುದಿ ಇನ್ನೂ ಹೆಡ್ ಮಿಸ್ ಕೈಯಲ್ಲೇ ಇತ್ತು. ನಾನು ಒಳಗೆ ಹೋಗಿ ಒಣಗಿದ ಕಾಲುಚೀಲ ತಂದೆ, ಆಮೆಯನ್ನು ಆ ಪುಟ್ಟ ಕುರ್ಚಿಯ ಮೇಲೆ ಕೂರಿಸಿ, ನೆಲದ ಮೇಲೆ ಕೂತು ಅವಳ ಕಾಲು ಒರೆಸಿದೆ.